ಅಪ್ಪನ ಅಟ್ಲಾಸಿಗೆ ಬಿಂಬುಳಿ ಮದ್ದು

ಮೊದಲು ನಾನು ಬಿದ್ದ ಕಥೆ ಹೇಳ್ಬೇಕು, ಇಲ್ಲಾಂದ್ರೆ ಇಪ್ಪತ್ತು ವರ್ಷದಿಂದ ಕೊಟ್ಟಿಗೆಯಲ್ಲಿ ತೆಂಗಿನಕಾಯಿ ರಾಶಿ ಹಿಂದೆ ಬಿದ್ದಿದ್ದ ಸೈಕಲ್ ಯಾಕೆ ಹೊರಗೆ ಬಂತು ಅಂತ ಗೊತ್ತಾಗುದಿಲ್ಲ. ಆಟಿ ತಿಂಗಳು, ಅಂದ್ರೆ ಜುಲೈ-ಆಗಸ್ಟ್. ಉಡುಪಿ ಹತ್ತಿರದ ಕಿದಿಯೂರಿಂದ ಅಂಬಲಪಾಡಿ ಕಡೆಗೆ ಬೆಳಿಗ್ಗೆ ಕೆಲಸಕ್ಕೆ ಹೊರಟದ್ದು, ಮಳೆ ಹೇಗೆ ಅಂದ್ರೆ ರೈನ್‌ಕೋಟಿನ ಒಳಗೂ ಹೊರಗೂ ಒಂದೇ. ಹಿಂದಿನಿಂದ ಒಂದು ಬಸ್ಸು ಹಾರ್ನ್ ಒತ್ತಿ ಒತ್ತಿ ಬರ್ತಾ ಇತ್ತು, ಎಂತಕ್ಕೆ ರಗಳೆ ಅಂತ ರೋಡಿನ ಎಡ ಅಂಚಿಗೆ ಸರಿದೆ. ಅಲ್ಲಿ ನೀರು ನಿಂತಿತ್ತು, ನೀರಿನ ಅಡಿಯಲ್ಲಿ ಚರಂಡಿಯ ಕಬ್ಬಿಣದ ಜಾಲರಿ. ಅದರ ಪಟ್ಟಿಗಳು ರೋಡಿಗೆ ಅಡ್ಡ ಅಲ್ಲ, ಉದ್ದಕ್ಕೆ, ಅಂದ್ರೆ ಚಕ್ರ ಹೋಗುವ ದಿಕ್ಕಿಗೇ. ನನ್ನ ಗೇರ್ ಸೈಕಲಿನ ಟಯರು 32 ಮಿಲಿಮೀಟರ್. ಎರಡು ಪಟ್ಟಿಯ ನಡುವೆ ಚಂದ ಮಾಡಿ ಇಳಿಯಿತು, ಸೈಕಲ್ ಅಲ್ಲೇ ನಿಂತಿತು, ನಾನು ಮಾತ್ರ ಹ್ಯಾಂಡಲ್ ಮೇಲಿಂದ ಮುಂದೆ ಹೋದೆ.

ಗಲ್ಲಕ್ಕೆ ಎರಡು ಹೊಲಿಗೆ, ಎಡಗೈ ಮಣಿಕಟ್ಟು ಊದಿ ಹದಿನೈದು ದಿನ ಬಟ್ಟೆ ಹಿಂಡ್ಲಿಕ್ಕೂ ಆಗ್ಲಿಲ್ಲ. ಬಸ್ಸು ಮೈಮೇಲೆ ಬರ್ಲಿಲ್ಲ, ಅಷ್ಟು ಪುಣ್ಯ. ಸೈಕಲಿನ ಮುಂದಿನ ರಿಮ್ಮು ಹಪ್ಪಳ ಕಾಯಿಸಿದಾಗ ಸೊಟ್ಟ ಆಗ್ತದಲ್ಲ ಹಾಗೆ ಆಗಿತ್ತು, ಆ ಚಕ್ರ ಹಿಡಿದಿರುವ ಫೋರ್ಕು ಹಿಂದಕ್ಕೆ ಬಾಗಿತ್ತು. ಅಲ್ಯೂಮಿನಿಯಂ ಫೋರ್ಕನ್ನ ಬಗ್ಗಿಸಿ ನೇರ ಮಾಡ್ಲಿಕ್ಕೆ ಹೋಗ್ಬಾರ್ದು, ಕಬ್ಬಿಣದ ಹಾಗಲ್ಲ ಅದು, ಒಳಗೆ ಬಿರುಕು ಬಿಟ್ಕೊಂಡು ಇರ್ತದೆ ಮತ್ತೆ ಯಾವತ್ತೋ ಇಳಿಜಾರಲ್ಲಿ ಟಕ್ ಅಂತ ತುಂಡಾಗ್ತದೆ. ಹೊಸ ಫೋರ್ಕು ತರಿಸ್ಲಿಕ್ಕೆ ಹೇಳಿದೆ, "ಬರ್ತದೆ ಬರ್ತದೆ" ಅಂತ ಹೇಳ್ತಾ ಹೇಳ್ತಾ ಚೌತಿ ಕಳೆಯಿತು. ಬೈಕಲ್ಲಿ ಹೋಗಿ ಬೇಸರ ಬಂದು ಒಂದು ಆದಿತ್ಯವಾರ ಕೊಟ್ಟಿಗೆಗೆ ಹೋಗಿ ತೆಂಗಿನಕಾಯಿ ಬದಿಗೆ ಹಾಕಿದೆ.

ಅಪ್ಪನ ಅಟ್ಲಾಸ್. 24 ಇಂಚಿನ ಫ್ರೇಮು, ಕಪ್ಪು, ಕಬ್ಬಿಣದ ರಾಡ್ ಬ್ರೇಕು, ಹಿಂದೆ ಒಂದು ಮೂಟೆ ಅಕ್ಕಿ ಕೂರುವ ಕ್ಯಾರಿಯರು. ಒಟ್ಟು ಭಾರ ಇಪ್ಪತ್ತು ಕೇಜಿ ಮೇಲೆಯೇ. ಹ್ಯಾಂಡಲ್ ಕೆಳಗೆ ಭೂಮಿ ಹೊತ್ತ ಮನುಷ್ಯನ ಬ್ಯಾಡ್ಜು, ಅವನ ಒಂದು ಕಾಲು ತುಕ್ಕಲ್ಲಿ ಹೋಗಿತ್ತು. ಈ ಕಂಪೆನಿಯವರ ಸಾಹಿಬಾಬಾದ್ ಫ್ಯಾಕ್ಟರಿ ಮುಚ್ಚಿದ್ದು 2020ರ ಜೂನ್ 3ಕ್ಕೆ, ಅವತ್ತು ವಿಶ್ವ ಸೈಕಲ್ ದಿನ, ಇದಕ್ಕೆ ಎಂತ ಹೇಳುದು. 1951ರಲ್ಲಿ ಸೋನಿಪತ್‌ನಲ್ಲಿ ಶುರು ಮಾಡಿದ್ದು. ಅಪ್ಪ ಇದನ್ನ ಮದುವೆಗಿಂತ ಎರಡು ವರ್ಷ ಮೊದಲು ತಗೊಂಡದ್ದು, ಯಾರಿಗೂ ಕೊಡ್ತಿರ್ಲಿಲ್ಲ, ಮಾವನಿಗೆ ಒಂದು ಸಲ ಕೊಟ್ಟು ಬೆಲ್ಲಿನ ಮುಚ್ಚಳ ಹೋದದ್ದನ್ನ ಇವತ್ತಿಗೂ ಹೇಳ್ತಾರೆ.

ಹೊರಗೆ ತಂದು ಅಂಗಳದಲ್ಲಿ ಮಗುಚಿ ಇಟ್ಟೆ. ಅಪ್ಪ ಜಗಲಿಯಿಂದಲೇ "ಎಂತ ಮಾರಾಯ, ಗುಜರಿಗಾ?" ಅಂತ ಕೇಳಿದ್ರು. ಇಲ್ಲ ಸರಿ ಮಾಡುದು ಅಂದೆ. ಅವರು ಪೇಪರ್ ಮಡಚಿ ಇಟ್ಟು ಕುರ್ಚಿ ಸ್ವಲ್ಪ ಮುಂದೆ ಎಳ್ಕೊಂಡ್ರು, ಅಲ್ಲಿಂದ ಮುಂದೆ ಎರಡು ತಿಂಗಳು ಸೂಪರ್‌ವೈಸರ್ ಅವರೇ.

ನಮ್ಮ ಮನೆಯಿಂದ ಕಡಲು ಹತ್ತಿರ. ವರ್ಷಕ್ಕೆ 4 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು, ಆದ್ರೆ ಸೈಕಲ್ ತಿನ್ನುದು ಮಳೆ ಒಂದೇ ಅಲ್ಲ, ಉಪ್ಪು. ಗಾಳಿಯಲ್ಲಿ ಬಂದ ಉಪ್ಪು ಕಬ್ಬಿಣದ ಮೇಲೆ ಕೂತು ತೇವ ಎಳೆದು ಇಟ್ಕೊಳ್ತದೆ, ಹಾಗಾಗಿ ಮಳೆ ಇಲ್ಲದ ಜನವರಿಯಲ್ಲೂ ಕಬ್ಬಿಣ ಒದ್ದೆಯೇ. ಬೆಂಗಳೂರಿನ ಫ್ರೆಂಡು ಹದಿನೈದು ವರ್ಷದ ಸೈಕಲ್ ಫೋಟೊ ಕಳಿಸಿ ತುಕ್ಕೇ ಇಲ್ಲ ನೋಡು ಅಂತಾನೆ, ಇಲ್ಲಿ ಬಂದು ಒಂದು ಮಳೆಗಾಲ ಇಡು ಮಗನೇ ಆಮೇಲೆ ಮಾತಾಡುವ.

ಬಿಚ್ಚುದರಲ್ಲಿ ಎಲ್ಲಕ್ಕಿಂತ ಹಠ ಮಾಡಿದ್ದು ಕಾಟರ್ ಪಿನ್ನು. ಗೊತ್ತಿಲ್ಲದವರಿಗೆ ಹೇಳ್ತೇನೆ, ಈಗಿನ ಸೈಕಲಲ್ಲಿ ಪೆಡಲಿನ ಕ್ರ್ಯಾಂಕು ಬೋಲ್ಟಲ್ಲಿ ಕೂತಿರ್ತದೆ, ಹಳೇ ಸೈಕಲಲ್ಲಿ ಕ್ರ್ಯಾಂಕಿನ ಮೂಲಕ ಎಕ್ಸಲಿಗೆ ತಾಗುವ ಹಾಗೆ ಅಡ್ಡ ಒಂದು ಪಿನ್ನು, ಒಂಬತ್ತೂವರೆ ಮಿಲಿಮೀಟರ್ ದಪ್ಪ, ಅದರ ಒಂದು ಬದಿ ಓರೆಯಾಗಿ ಚಪ್ಪಟೆ. ಆ ಚಪ್ಪಟೆ ಎಕ್ಸಲಿನ ಚಪ್ಪಟೆ ಜಾಗಕ್ಕೆ ಬೆಣೆ ಹೊಡೆದ ಹಾಗೆ ಕೂರ್ತದೆ. ಮೂವತ್ತು ನಲವತ್ತು ವರ್ಷ ಕೂತ ಬೆಣೆ, ಉಪ್ಪುಗಾಳಿಯಲ್ಲಿ ಕೂತದ್ದು, ಅದು ಸುಮ್ಮನೆ ಏಳ್ತದಾ? ಮೂರು ದಿನ ಡೀಸೆಲಿಗೆ ಸ್ವಲ್ಪ ಇಂಜಿನ್ ಆಯಿಲ್ ಹಾಕಿ ಹನಿ ಹನಿ ಬಿಟ್ಟೆ. ಆದಿತ್ಯವಾರ ಸುತ್ತಿಗೆ ಹಿಡಿದೆ. ಕ್ರ್ಯಾಂಕಿನ ಅಡಿಗೆ ಮುರಕಲ್ಲು ಇಟ್ಟು ಒಂದು ಪೆಟ್ಟು ಕೊಟ್ಟೆ, ಪಿನ್ನು ಅಲ್ಲೇ, ಮುರಕಲ್ಲು ಪುಡಿ. ಎರಡನೇ ಕಲ್ಲು, ಅದೂ ಪುಡಿ. ಪೆಟ್ಟು ಎಲ್ಲ ಕಲ್ಲೇ ಕುಡಿತಾ ಇತ್ತು.

ಅಪ್ಪ ಜಗಲಿಯಿಂದ ಇಳಿದು ಬಂದ್ರು. "ಅಡಿಗೆ ಗಟ್ಟಿ ಇಲ್ದೆ ಎಷ್ಟು ಹೊಡೆದ್ರೂ ಬೇರಿಂಗಿಗೆ ಪೆಟ್ಟು, ಪಿನ್ನಿಗಲ್ಲ" ಅಂದ್ರು. ಅಮ್ಮನ ಹಳೇ ಕಡೆಯುವ ಕಲ್ಲು ಬಾವಿಕಟ್ಟೆ ಹತ್ತಿರ ಇತ್ತು, ಅದನ್ನ ಉರುಳಿಸಿ ತಂದು ಅದರ ಮೇಲೆ ಗಿಡ್ಡ ಜಿಐ ಪೈಪಿನ ತುಂಡು ನಿಲ್ಲಿಸಿ, ಪಿನ್ನಿನ ದಪ್ಪ ತಲೆ ಪೈಪಿನ ಒಳಗೆ ಇಳಿಯುವ ಹಾಗೆ ಕ್ರ್ಯಾಂಕನ್ನ ಪೈಪಿನ ಬಾಯಿ ಮೇಲೆ ಕೂರಿಸಿದ್ದು. ನಟ್ಟು ಪೂರ್ತಿ ತೆಗಿಬಾರ್ದು, ಮೇಲಿನ ಮಟ್ಟಕ್ಕೆ ಸಮ ಬಿಡ್ಬೇಕು, ಇಲ್ಲಾಂದ್ರೆ ಥ್ರೆಡ್ಡು ಚಪ್ಪಟೆಯಾಗಿ ಮತ್ತೆ ಡ್ರಿಲ್ಲೇ ಗತಿ. ಸಣ್ಣ ಸಣ್ಣ ಇಪ್ಪತ್ತು ಪೆಟ್ಟು ಬೇಡ, ಒಂದು ಸರಿಯಾದ ಪೆಟ್ಟು. ಎರಡು ಕೇಜಿ ಸುತ್ತಿಗೆಯಲ್ಲಿ ಒಂದು ಕೊಟ್ಟೆ. ಟಣ್ ಅಂತ ಇದ್ದ ಶಬ್ದ ಡಬ್ ಅಂತ ಆಯ್ತು. ಆ ಡಬ್ ಕೇಳಿದವನಿಗೇ ಗೊತ್ತು ಅದರ ಸುಖ. ಅಮ್ಮ ಒಳಗಿಂದ, "ನನ್ನ ಕಲ್ಲಿಗೆ ಎಂತಾದ್ರೂ ಆದ್ರೆ ಮಧ್ಯಾಹ್ನ ಊಟ ಇಲ್ಲ". ಕಲ್ಲಿಗೆ ಎಂತ ಆಗ್ಲಿಲ್ಲ. ಎಡದ ಪಿನ್ನು ಮಾತ್ರ ಹೀಗೂ ಬರ್ಲಿಲ್ಲ, ಅದನ್ನ ಸೈಕಲ್ ಶಾಪಿಗೆ ತಳ್ಕೊಂಡು ಹೋಗಿ ಗ್ಯಾಸಲ್ಲಿ ಸ್ವಲ್ಪ ಬಿಸಿ ಮಾಡಿಸಿ ತೆಗೆಸಿದ್ದು.

ಸೈಕಲ್ ಶಾಪ್ ಅಂದ್ರೆ ನಮ್ಮ ಸೈಕಲ್ ರಿಪೇರಿ ಅಜ್ಜನ ಶಾಪು, ಎಪ್ಪತ್ತರ ಮೇಲೆ ಪ್ರಾಯ, ಈಗ ಬರುದು ಹೆಚ್ಚಾಗಿ ಮಕ್ಕಳ ಸೈಕಲ್‌ಗಳು, ಅಟ್ಲಾಸ್ ನೋಡಿ ಅವರ ಮುಖ ನೋಡ್ಬೇಕಿತ್ತು. ನಾನು ಇವತ್ತೇ ಆಗ್ಬೇಕು ಅಂತ ಅವಸರ ಮಾಡಿದ್ದಕ್ಕೆ "ಗಡಿಬಿಡಿ ಮಲ್ಪಡ ಮಗಾ" (ಗಡಿಬಿಡಿ ಮಾಡ್ಬೇಡ ಮಗಾ) ಅಂತ ತುಳುವಲ್ಲಿ ಅಂದ್ರು. ಅವರ ಹತ್ರ ಕಲಿತ ವಿಷಯ ಈ ಬರಹದ ಅರ್ಧ.

ಒಳಗಿನ ಎಕ್ಸಲ್ ತೆಗಿಯುವಾಗ ಒಂದು ನೆನಪಿರಲಿ, ಚೈನ್ ಬದಿಯ ಬೇರಿಂಗ್ ಕಪ್ಪಿಗೆ ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದ್ರೆ ಬಿಚ್ಚುದು. ಇದು ಗೊತ್ತಿಲ್ದೆ ನಾಲ್ಕಡಿ ಪೈಪ್ ಹಾಕಿ ಎಡಕ್ಕೆ ತಿರುಗಿಸಿ ಇನ್ನೂ ಟೈಟ್ ಮಾಡಿದ ಮಹಾನುಭಾವ ನಾನೇ. ಒಳಗಿಂದ ಬಂದದ್ದು ಗ್ರೀಸ್ ಅಲ್ಲ, ಕೆಂಪು ಕೆಸರು, ಅದರಲ್ಲಿ ಕಾಲಿಂಚಿನ ಬಾಲ್ಸು. ಒಂದೊಂದು ಬದಿಗೆ 11 ಇರ್ಬೇಕು, ಒಂದು ಬದಿಯಲ್ಲಿ 9 ಸಿಕ್ಕಿತು, ಉಳಿದ ಎರಡು ಯಾವ ಕಾಲದಲ್ಲಿ ಪುಡಿ ಆಯ್ತೋ. ಎಕ್ಸಲಿನ ಮೇಲೆ ಬಾಲ್ಸು ಓಡುವ ಜಾಗದಲ್ಲಿ ಉಗುರು ಸಿಕ್ಕುವ ಹಾಗೆ ಗುಳಿ, ಅಂದ್ರೆ ಅದೂ ಹೊಸತು. ಲುಧಿಯಾನದ ಮಾಲು ಅಜ್ಜನ ಶಾಪಿನ ಹಲಗೆ ಡಬ್ಬದಲ್ಲಿ ಕಾಗದ ಸುತ್ತಿಕೊಂಡು ಎಷ್ಟು ವರ್ಷದಿಂದ ಕಾದಿತ್ತೋ ಗೊತ್ತಿಲ್ಲ, ಸರಿ ಕೂತಿತು. ಗ್ರೀಸ್ ಮಾತ್ರ ಮಲ್ಪೆಯಿಂದ ತಂದೆ, ಬಂದರಿನ ಹತ್ರ ಬೋಟಿನ ಸಾಮಾನಿನ ಅಂಗಡಿಯಲ್ಲಿ. ಬೋಟಿನವರು ಹಾಕುವ ಗ್ರೀಸ್ ನೀರಲ್ಲಿ ತೊಳೆದು ಹೋಗುದಿಲ್ಲ, ಸೈಕಲ್ ಗ್ರೀಸ್ ಅಂತ ಸಣ್ಣ ಟ್ಯೂಬಲ್ಲಿ ಬರುವುದಕ್ಕಿಂತ ಕಡಿಮೆ ರೇಟು, ಅರ್ಧ ಕೇಜಿ ತಂದದ್ದು ಮೊಮ್ಮಕ್ಕಳ ಕಾಲಕ್ಕೂ ಸಾಕು.

ಈಗ ತುಕ್ಕು. ಅಂಗಡಿಯಲ್ಲಿ ರಸ್ಟ್ ರಿಮೂವರ್ ಸಿಗ್ತದೆ, ರೇಟು ಕೇಳಿ ಹಾಗೇ ಇಟ್ಟು ಬಂದೆ. ಬಾವಿ ಹತ್ರ ಬಿಂಬುಳಿ ಮರ ಉಂಟು, ಕಾಂಡದಲ್ಲೇ ಗೊಂಚಲು ಗೊಂಚಲು ಬಿಡ್ತದೆ, ಮೀನು ಸಾರಿಗೆ ನಾಲ್ಕು ತೆಗೆದು ಉಳಿದದ್ದೆಲ್ಲ ಅಡಿಯಲ್ಲಿ ಬಿದ್ದು ಕೊಳೆಯುದು. ಅಮ್ಮ ಹಿತ್ತಾಳೆ ಪಾತ್ರೆ ತೊಳಿಯುದು ಅದರಲ್ಲೇ. ಬಿಂಬುಳಿಯ ಹುಳಿಯಲ್ಲಿ ಆಕ್ಸಾಲಿಕ್ ಆ್ಯಸಿಡ್ ಜಾಸ್ತಿ, ಅದು ಕಬ್ಬಿಣದ ತುಕ್ಕನ್ನ ಹಿಡ್ಕೊಂಡು ಕರಗಿಸ್ತದೆ, ಅಂಗಡಿಯ ಪುಡಿಯಲ್ಲೂ ಹಲವು ಸಲ ಇರುದು ಅದೇ. ಒಂದು ಬುಟ್ಟಿ ಕೊಯ್ದು ಜಜ್ಜಿ, ಹಳೇ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ ಸ್ವಲ್ಪ ನೀರು ಬಿಟ್ಟು, ಅದರಲ್ಲಿ ಬ್ರೇಕಿನ ರಾಡು, ಕ್ರ್ಯಾಂಕು, ಕ್ಯಾರಿಯರ್ ಕ್ಲಿಪ್ಪು, ನಟ್ಟು ಬೋಲ್ಟು ಎಲ್ಲ ಒಂದು ರಾತ್ರಿ ಮುಳುಗಿಸಿಟ್ಟೆ. ಬೆಳಿಗ್ಗೆ ನೀರು ಹಳದಿ ಹಸಿರು ಬಣ್ಣ, ತೆಂಗಿನ ನಾರಲ್ಲಿ ಉಜ್ಜಿದ್ರೆ ತುಕ್ಕು ಸಿಪ್ಪೆ ಎದ್ದ ಹಾಗೆ ಬಂತು, ಅಡಿಯಲ್ಲಿ ಬೂದು ಕಬ್ಬಿಣ.

ಇಲ್ಲಿ ಒಂದು ತಪ್ಪು ಮಾಡಿದೆ. ತೊಳೆದು ಬಿಸಿಲಿಗೆ ಇಟ್ಟು ಚಾ ಕುಡಿಲಿಕ್ಕೆ ಹೋದೆ. ಬಂದು ನೋಡಿದ್ರೆ ಎಲ್ಲದರ ಮೇಲೆ ಕಿತ್ತಳೆ ಬಣ್ಣದ ಹೊಸ ತುಕ್ಕಿನ ಪುಡಿ, ಬರೀ ಅರ್ಧ ಗಂಟೆಯಲ್ಲಿ! ಹುಳಿ ಪೂರ್ತಿ ಹೋಗುವ ಹಾಗೆ ಸೋಡಾಪುಡಿ ನೀರಲ್ಲಿ ತೊಳ್ದು, ಕೂಡ್ಲೇ ಬಟ್ಟೆಯಲ್ಲಿ ಒರೆಸಿ, ಒಲೆ ಹತ್ರ ಬಿಸಿ ಮಾಡಿ ಎಣ್ಣೆ ಸವರ್ಬೇಕು, ನಡುವಲ್ಲಿ ಚಾ ಎಲ್ಲ ಇಲ್ಲ. ಎರಡನೇ ಸಲ ಹಾಗೆ ಮಾಡಿದ್ದು, ನಿಂತಿತು. ಕೈಗೆ ಗ್ಲೌಸ್ ಹಾಕಿ, ಗಾಯ ಇದ್ರೆ ಬಿಂಬುಳಿ ನಿಮ್ಮ ಜಾತಕ ಹೇಳ್ತದೆ. ಕ್ರೋಮ್ ಇರುವ ಹ್ಯಾಂಡಲಿಗೆ ಬಿಂಬುಳಿ ಹಾಕ್ಲಿಲ್ಲ, ಅದಕ್ಕೆ ತಿಂಡಿ ಕಟ್ಟುವ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರು ತಾಗಿಸಿ ಉಜ್ಜಿದ್ದು. ಫಾಯಿಲು ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳದೆ ತುಕ್ಕಿನ ಚುಕ್ಕೆ ಮಾತ್ರ ಹೋಗ್ತದೆ. ಹ್ಯಾಂಡಲ್ ನೋಡಿ ಅಪ್ಪ ಎಂತ ಹೇಳ್ಲಿಲ್ಲ, ಆದ್ರೆ ಎದ್ದು ಬಂದು ಮುಟ್ಟಿ ಹೋದ್ರು.

ಚಕ್ರದ ಕೆಲಸಕ್ಕೆ ಮೂರು ವಾರ ಬೇಕಾಯ್ತು. ಮುಂದಿನದ್ದು 32 ಕಡ್ಡಿ, ಹಿಂದಿನದ್ದು 40. ಮುಂದಿನ ರಿಮ್ಮು ಉಳಿಯಿತು, ಹಿಂದಿನದ್ದು ಕಡ್ಡಿ ಬಿಗಿಯುವ ನಿಪ್ಪಲಿನ ತೂತುಗಳ ಸುತ್ತ ಬಿಸ್ಕೀಟಿನ ಹಾಗೆ ಆಗಿತ್ತು, ಒತ್ತಿದ್ರೆ ಪುಡಿ. ಹೊಸ ರಿಮ್ಮು, ಹೊಸ ಕಡ್ಡಿ. ಅಜ್ಜ ಮಾಡಿ ಕೊಡ್ತೇನೆ ಅಂದ್ರು, ನಾನೇ ಕಲೀಬೇಕು ಅಂದೆ, ಶಾಪಿನ ಹೊರಗೆ ಸ್ಟೂಲ್ ಹಾಕಿ ಕೂರಿಸಿದ್ರು.

ಹಬ್ಬು ಅಂದ್ರೆ ಚಕ್ರದ ನಡುವಿನ ಗುಂಭ, ಅದರ ಒಂದೊಂದು ಬದಿಗೆ 20 ತೂತು. ಮೊದಲು ಫ್ರೀವೀಲ್ (ಚೈನ್ ಕೂರುವ ಹಿಂದಿನ ಹಲ್ಲುಚಕ್ರ) ಬದಿಯಲ್ಲಿ ಒಂದು ಬಿಟ್ಟು ಒಂದು ತೂತಿಗೆ ಹತ್ತು ಕಡ್ಡಿ, ತಲೆ ಹೊರಗೆ. ರಿಮ್ಮಲ್ಲಿ ಗಾಳಿ ಹಾಕುವ ವಾಲಿನ ತೂತಿನ ಪಕ್ಕದಿಂದ ಶುರು ಮಾಡಿ ಪ್ರತಿ ನಾಲ್ಕನೇ ತೂತಿಗೆ ಒಂದೊಂದು. ಆಮೇಲೆ ಇನ್ನೊಂದು ಬದಿಯ ಹತ್ತು, ಅದರ ಪಕ್ಕದ ತೂತಿಗೆ. ಈಗ ಹಬ್ಬನ್ನ ಕೈಯಲ್ಲಿ ಹಿಡಿದು ತಿರುಗಿಸಿದ್ರೆ ಕಡ್ಡಿಗಳು ಎಲ್ಲ ಒಂದೇ ಕಡೆ ವಾಲ್ತವೆ. ಉಳಿದ ಇಪ್ಪತ್ತು ಅದಕ್ಕೆ ಎದುರು ದಿಕ್ಕಿಗೆ, ಪ್ರತಿಯೊಂದು ಕಡ್ಡಿ ಮೂರನ್ನ ಮೇಲಿಂದ ದಾಟಿ ನಾಲ್ಕನೆಯದರ ಅಡಿಯಿಂದ ಹೋಗ್ಬೇಕು. ಆ ಕೊನೆಯ ಅಡಿಯಿಂದ ಹೋಗುದನ್ನ ಬಿಟ್ರೆ ಚಕ್ರ ನೋಡ್ಲಿಕ್ಕೆ ಸರಿಯೇ ಕಾಣ್ತದೆ, ಭಾರ ಹಾಕಿದ ಮೇಲೆ ಕಡ್ಡಿ ಸಡಿಲ ಬಿಡ್ತಾ ಬರ್ತದೆ. ಹೇಳ್ಲಿಕ್ಕೆ ನಾಲ್ಕು ಲೈನು, ನಾನು ಎರಡು ಸಲ ಪೂರ್ತಿ ಬಿಚ್ಚಿ ಮತ್ತೆ ಹಾಕಿದೆ. ಒಂದು ಸಲ ವಾಲಿನ ತೂತಿನ ಮೇಲೆಯೇ ಕಡ್ಡಿಗಳ ಕತ್ತರಿ ಬಂದು ಪಂಪಿನ ಬಾಯಿ ಹೋಗ್ಲಿಕ್ಕೆ ಜಾಗವೇ ಇಲ್ಲ, ಅಜ್ಜ ಹಲ್ಲಿಲ್ಲದ ಬಾಯಲ್ಲಿ ನಕ್ಕದ್ದು ಇನ್ನೂ ಕಣ್ಣ ಮುಂದೆ ಉಂಟು.

ಬೆಂಡು ತೆಗಿಯುದು ಮನೆಯಲ್ಲಿ. ಸೈಕಲ್ ಮಗುಚಿ, ಹಿಡಿಸೂಡಿಯ (ಪೊರಕೆಯ) ಎರಡು ಕಡ್ಡಿ ಹಿಂದಿನ ಕಂಬಕ್ಕೆ ರಬ್ಬರ್ ಬ್ಯಾಂಡಲ್ಲಿ ಕಟ್ಟಿ, ತುದಿ ರಿಮ್ಮಿಗೆ ಕೂದಲಷ್ಟು ದೂರ ಬಿಟ್ಟದ್ದು. ಚಕ್ರ ತಿರುಗಿಸಿದ್ರೆ ಎಲ್ಲಿ ಬೆಂಡು ಉಂಟೋ ಅಲ್ಲಿ ಚರ್ ಅಂತ ಹೇಳ್ತದೆ. ಬಲಕ್ಕೆ ಬಂದಿದ್ರೆ ಅಲ್ಲಿಯ ಎಡದ ಕಡ್ಡಿ ಕಾಲು ಸುತ್ತು ಟೈಟು, ಬಲದ್ದು ಕಾಲು ಸುತ್ತು ಲೂಸು. ಯಾವತ್ತೂ ಅರ್ಧ ಸುತ್ತಿಗಿಂತ ಜಾಸ್ತಿ ಬೇಡ. ರಾತ್ರಿ ಹತ್ತು ಗಂಟೆಗೆ ಚರ್ ಚರ್ ಕಡಿಮೆ ಆಗಿ ಒಂದು ಮಿಲಿಮೀಟರಿಗೆ ಬಂತು, ಕಡ್ಡಿ ಬೆರಳಲ್ಲಿ ಮೀಟಿದ್ರೆ ಒಂದೇ ಸ್ವರ ಬರ್ಬೇಕು ಅಂತ ಅಜ್ಜ ಹೇಳಿದ್ದು, ನನಗೆ ಅಷ್ಟು ಕಿವಿ ಇಲ್ಲ, ಹತ್ತಿರ ಹತ್ತಿರ ಬಂತು.

ಟಯರಲ್ಲಿ ದುಡ್ಡು ಹಾಳು ಮಾಡಿದ ಕಥೆ ನಾಚಿಕೆ ಬಿಟ್ಟು ಹೇಳ್ತೇನೆ, ಇನ್ನೊಬ್ಬರಿಗೆ ಉಪಕಾರ ಆದೀತು. ಹಳೇ ಟಯರಿನ ಮೇಲೆ 28 × 1½ ಅಂತ ಇತ್ತು. ಆನ್‌ಲೈನಲ್ಲಿ 28 × 1.50 ಅಂತ ಒಳ್ಳೆ ಪಂಚರ್ ತಡೆಯುವ ಟಯರು ಕಂಡಿತು, ಒಂದೂವರೆಯೂ ಒಂದು ಪಾಯಿಂಟ್ ಐದೂ ಒಂದೇ ಅಲ್ವಾ, ಒಂದನೇ ಕ್ಲಾಸಿನ ಮಗು ಹೇಳ್ತದೆ. ಜೋಡಿ ತರಿಸಿದೆ. ರಿಮ್ಮಿಗೆ ಹತ್ತುದೇ ಇಲ್ಲ. ಭಿನ್ನರಾಶಿಯಲ್ಲಿ ಬರೆದ 28 × 1½ ಟಯರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್, ದಶಮಾಂಶದಲ್ಲಿ ಬರೆದ 28 × 1.50ಯದ್ದು 622, ಅದು ಗೇರ್ ಸೈಕಲಿನ 700 ಸಿ ಅಳತೆ. 13 ಮಿಲಿಮೀಟರ್ ವ್ಯತ್ಯಾಸ, ಟಯರ್ ಲಿವರ್ ಅಲ್ಲ ಹಾರೆ ತಂದ್ರೂ ಹತ್ತುದಿಲ್ಲ. ಟಯರಿನ ಬದಿಯಲ್ಲಿ ಸಣ್ಣಕ್ಕೆ 40-635 ಅಥವಾ 40-622 ಅಂತ ಬರೆದಿರ್ತದೆ, ಅದನ್ನೇ ನೋಡಿ, ಉಳಿದದ್ದು ನಂಬ್ಬೇಡಿ. ಆ ಜೋಡಿ ಗೇರ್ ಸೈಕಲಿಗೆ ಅಂತ ಅಟ್ಟದಲ್ಲಿ ಇಟ್ಟಿದ್ದೇನೆ. ಅಟ್ಲಾಸಿಗೆ ಅಜ್ಜನ ಹತ್ರ ಇದ್ದ ಸಾದಾ ಟಯರೇ. ಟ್ಯೂಬಿಗೆ ಅದೇ ಹಳೇ ವಾಲ್‌ಟ್ಯೂಬ್, ಸೂಜಿಯಷ್ಟು ಸಪೂರ ರಬ್ಬರ್ ನಳಿಗೆ, ಒಂದು ರೂಪಾಯಿಯ ಸಾಮಾನು ಲೀಕಾದ್ರೆ ಇಡೀ ದಿನ ಪಂಚರ್ ಹುಡುಕಿ ಸಾಯುದು. ಮೊದಲು ವಾಲಿಗೆ ಎಂಜಲು ಹಚ್ಚಿ ಗುಳ್ಳೆ ಬರ್ತದಾ ನೋಡಿ.

ಫ್ರೀವೀಲ್ ವಿಷಯದಲ್ಲಿ ಅಪ್ಪನ ಹತ್ರ ಜಗಳವೇ ಆಯ್ತು. ಮುಂದೆ 44 ಹಲ್ಲು, ಹಿಂದೆ 18. ಒಂದು ಸಲ ಪೆಡಲ್ ತಿರುಗಿಸಿದ್ರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗ್ತದೆ, ಸಪಾಟು ರೋಡಿಗೆ ಭಾರಿ ಒಳ್ಳೇದು. ಆದ್ರೆ ನನಗೆ ವಾರಕ್ಕೊಂದು ಸಲ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹತ್ತಲಿಕ್ಕೆ ಉಂಟು. ಇಪ್ಪತ್ತು ಕೇಜಿ ಕಬ್ಬಿಣ, ಮೇಲೆ ಎಪ್ಪತ್ತೆಂಟು ಕೇಜಿ ನಾನು, ಐದೂವರೆ ಮೀಟರು ಆಗುದಿಲ್ಲ ಮಾರಾಯ್ರೆ. ಹಿಂದೆ 20 ಹಲ್ಲಿನದ್ದು ಹಾಕುವ ಅಂದೆ, ಐದು ಮೀಟರಿಗೆ ಸ್ವಲ್ಪ ಕಡಿಮೆ ಬರ್ತದೆ, ಕಾಲಿಗೆ ಹತ್ತರಲ್ಲಿ ಒಂದು ಪಾಲು ಹಗುರ. ಅಪ್ಪ, "ನಾನು ಇದರಲ್ಲೇ ಹಿಂದೆ ನಿನ್ನಮ್ಮನನ್ನ ಕೂರಿಸಿ ಮಣಿಪಾಲ ಹತ್ತಿದ್ದೇನೆ". ಅಮ್ಮ ಒಳಗಿಂದ, "ಸುಳ್ಳು, ಇಂದ್ರಾಳಿಯಲ್ಲಿ ಇಳಿಸಿ ನಡೆಸಿದ್ದು". 20 ಹಾಕಿದೆ. ಚೈನೂ ಹೊಸತು. ಹಳೇ ಚೈನು ಸ್ಕೇಲ್ ಹಿಡಿದು ಅಳೆದಿದ್ದೆ, 24 ಕೊಂಡಿಗೆ ಸರಿಯಾಗಿ 12 ಇಂಚು ಬರ್ಬೇಕು, ಒಂದು ಎಂಟಾಂಶ ಇಂಚು ಜಾಸ್ತಿ ಬಂದ್ರೆ ಚೈನು ಮುಗಿದ ಹಾಗೆ. ಇದು ಕಾಲು ಇಂಚು ಎಳೆದಿತ್ತು.

ಬ್ರೇಕು ಜಾಸ್ತಿ ಹೇಳುದಿಲ್ಲ. ರಬ್ಬರ್ ಹೊಸತು, ರಾಡಿನ ಕೀಲುಗಳಿಗೆ ಎಣ್ಣೆ. ರಾಡ್ ಬ್ರೇಕು ರಿಮ್ಮಿನ ಒಳಮುಖಕ್ಕೆ ಮೇಲೆ ಎಳೆದು ಹಿಡಿಯುದು, ಸ್ಟೀಲ್ ರಿಮ್ಮು ಒದ್ದೆಯಾದ್ರೆ ಅದು ಬ್ರೇಕಲ್ಲ ಬರೀ ಪ್ರಾರ್ಥನೆ. ಹಾಗಾಗಿ ಮಳೆಯಲ್ಲಿ ಮಣಿಪಾಲದಿಂದ ಇದರಲ್ಲಿ ಇಳಿಯುದಿಲ್ಲ, ತೀರ್ಮಾನ ಆಯ್ತು. ಡೈನಮೋ 6 ವೋಲ್ಟಿನದ್ದು ತಿರುಗ್ತಾ ಉಂಟು, ಆದ್ರೆ ಒದ್ದೆ ಟಯರಲ್ಲಿ ಜಾರ್ತದೆ, ಅಂದ್ರೆ ಬೆಳಕು ಬೇಕಾದ ದಿನವೇ ಇಲ್ಲ. ಚಂದಕ್ಕೆ ಅಂತ ಬಿಟ್ಟೆ, ಕೆಲಸಕ್ಕೆ ಚಾರ್ಜ್ ಮಾಡುವ ಎಲ್‌ಇಡಿ, ಹಿಂದೆ ಕೆಂಪು. ಹಿಂದಿನ ಮಡ್‌ಗಾರ್ಡಿನ ತುದಿಗೆ ಮೊದಲಿನ ಹಾಗೆ ಬಿಳಿ ಪೈಂಟ್ ಬಳಿದೆ, ಅದರ ಮೇಲೆ ಲಾರಿಗೆ ಅಂಟಿಸುವ ಹೊಳೆಯುವ ಟೇಪು. ಫ್ರೇಮಿಗೆ ಪೈಂಟ್ ಹೊಡಿಲಿಲ್ಲ, ಕಪ್ಪು ಪೈಂಟ್ ಅಡಿಯಲ್ಲಿ ಇನ್ನೂ ಗಟ್ಟಿ ಉಂಟು, ತುಕ್ಕಿದ್ದ ಜಾಗಕ್ಕೆ ಮಾತ್ರ ಪ್ರೈಮರ್.

ಕೊನೆಗೆ ಕಾಟರ್ ಪಿನ್ನು ಮತ್ತೆ. ಹೊಸ ಪಿನ್ನಿನ ಓರೆ ಮುಖವನ್ನ ಅರದಲ್ಲಿ ಸ್ವಲ್ಪ ಉಜ್ಜಿ ಹೊಂದಿಸ್ಬೇಕು, ಒಂದು ಬದಿ ಪಿನ್ನು ಮೇಲಿಂದ ಹೋದ್ರೆ ಇನ್ನೊಂದು ಬದಿಯದ್ದು ಅದೇ ನಿಲುವಿನಲ್ಲಿ ಕೆಳಗಿಂದ. ಎರಡೂ ಸಮ ಉಜ್ಜದಿದ್ರೆ ಎರಡು ಪೆಡಲ್ ನೇರ ಎದುರುಬದುರು ಬರುದಿಲ್ಲ, ತುಳಿಯುವಾಗ ಕುಂಟಿದ ಹಾಗೆ ಆಗ್ತದೆ. ನನ್ನದು ಮೊದಲ ಸಲ ಕುಂಟಿತು. ಮತ್ತೆ ತೆಗೆದು ಎಡದ್ದನ್ನ ನಾಲ್ಕು ಸಲ ಅರ ಎಳೆದೆ. ಇನ್ನೊಂದು, ಪಿನ್ನನ್ನ ನಟ್ಟಲ್ಲಿ ಎಳೆದು ಕೂರಿಸ್ಲಿಕ್ಕೆ ಹೋಗ್ಬೇಡಿ, ಸುತ್ತಿಗೆಯಲ್ಲಿ ಕೂರಿಸ್ಬೇಕು, ನಟ್ಟು ಇರುದು ಬೀಳದ ಹಾಗೆ ಹಿಡಿಲಿಕ್ಕೆ ಮಾತ್ರ.

ದೀಪಾವಳಿ ಮರುದಿನ ಟೆಸ್ಟು. ಬೆಳಿಗ್ಗೆ ಆರಕ್ಕೆ ಮಲ್ಪೆ ಬಂದರು, ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ತೆಂಕಕ್ಕೆ ಮಟ್ಟು ಕಡೆ. ಈ ರೋಡಿಗೆ ಹೋಗದವರು ಒಂದು ಸಲ ಹೋಗಿ, ಬಲಕ್ಕೆ ಕಡಲು, ಎಡಕ್ಕೆ ಉದ್ಯಾವರ ಹೊಳೆ, ನಡುವೆ ಒಂದು ಸಪೂರ ಪಟ್ಟಿಯಲ್ಲಿ ಮನೆ, ತೆಂಗು, ಒಣಗ್ಲಿಕ್ಕೆ ಹಾಕಿದ ಬಲೆ, ನಾಯಿ, ಮತ್ತೆ ರೋಡು. ಹೈವೇ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಗಾಳಿಗೇ ಸೈಕಲ್ ಅಲ್ಲಾಡ್ತದೆ, ಇಲ್ಲಿ ಮೀನಿನ ಸ್ಕೂಟರಿನವ ಕೂಡ ನಿಧಾನ ಹೋಗ್ತಾನೆ. ಅಟ್ಲಾಸ್ ಎತ್ತಿನಗಾಡಿ ಹಾಗೆ ಶುರುವಾಗಿ ಒಮ್ಮೆ ವೇಗ ಹಿಡಿದ ಮೇಲೆ ನಿಲ್ಲುದೇ ಇಲ್ಲ, ಹೊಂಡ ಬಂದ್ರೂ ಉದ್ದ ಫೋರ್ಕು ನುಂಗ್ತದೆ, ಬೆನ್ನು ನೇರ, ಹೊಳೆಯಲ್ಲಿ ಯಾರು ಮೀನು ಹಿಡಿತಿದ್ದಾರೆ ನೋಡ್ತಾ ಹೋಗ್ಬಹುದು. ಮಟ್ಟುವಿನ ಗುಳ್ಳ ಬದನೆಯ ಗದ್ದೆ ಹತ್ತಿರ ಬಲಗಾಲು ತುಳಿದಾಗ ಪ್ರತಿ ಸುತ್ತಿಗೊಂದು ಟಕ್. ಕಾಟರ್ ಪಿನ್ನು ಅಂತ ಕೂಡ್ಲೇ ಗೊತ್ತಾಯ್ತು, ಹೊಸ ಪಿನ್ನು ಮೊದಲ ದಿನ ಹಾಗೆ ಸಡಿಲ ಬಿಡುದು ಮಾಮೂಲು. ಚೀಲದಲ್ಲಿ ಸ್ಪ್ಯಾನರ್ ಇತ್ತು, ಸುತ್ತಿಗೆ ಇರ್ಲಿಲ್ಲ, ಒಬ್ಬರು ಅಕ್ಕ ಕಾಯಿ ಸುಲಿತಿದ್ರು, ಅವರ ಹತ್ರ ಕೊಡಲಿ ಕೇಳಿ ಅದರ ಹಿಂಬದಿಯಲ್ಲಿ ಎರಡು ಪೆಟ್ಟು ಕೊಟ್ಟು ನಟ್ಟು ಬಿಗಿ ಮಾಡಿದೆ. ಕಾಪು ದೀಪಸ್ತಂಭದವರೆಗೆ ಹೋಗಿ ಬಂದೆ, 1901ರ ಕಂಬ ಅದು, ಉಪ್ಪುಗಾಳಿಗೆ ನಿಂತ ಸಾಮಾನು ನೋಡಿ ಅಟ್ಲಾಸಿಗೂ ಸ್ವಲ್ಪ ಧೈರ್ಯ ಬರ್ಲಿ ಅಂತ. ಮನೆಗೆ ಬಂದ ಕೂಡ್ಲೇ ಸಿಹಿ ನೀರಲ್ಲಿ ತೊಳ್ದು ಒರೆಸಿ ಎಣ್ಣೆ, ಕಡಲ ಬದಿ ಹೋಗಿ ಬಂದ ದಿನ ಇದನ್ನ ತಪ್ಪಿಸ್ಲಿಕ್ಕೆ ಇಲ್ಲ.

ಮರುದಿನ ಕೆಲಸಕ್ಕೆ ಇದರಲ್ಲೇ. ನಾನು ಬಿದ್ದ ಜಾಲರಿ ಹತ್ರ ಇಳಿದು ಅಳೆದೆ. ಪಟ್ಟಿಗಳ ನಡುವೆ 42 ಮಿಲಿಮೀಟರ್. ಅಟ್ಲಾಸಿನ ಟಯರು ಗಾಳಿ ತುಂಬಿ ಅಳೆದ್ರೆ 38. ಎರಡು ತಿಂಗಳು ಬಿಂಬುಳಿ ಜಜ್ಜಿ ಕಾಟರ್ ಪಿನ್ನು ಹೊಡೆದದ್ದು ಯಾಕೆ ಅಂದ್ರೆ ಇದರದ್ದು ದಪ್ಪ ಟಯರು, ಇಳಿಯುದಿಲ್ಲ ಅಂತ ಒಳಗೊಳಗೆ ಒಂದು ಧೈರ್ಯ ಇತ್ತು, ಅದು ಅಲ್ಲೇ ಟುಸ್. ಕೈಯಲ್ಲಿ ಹಿಡಿದು ಮುಂದಿನ ಚಕ್ರ ಇಟ್ಟು ನೋಡಿದೆ, ಚಂದ ಇಳಿಯಿತು.

ಮನೆಗೆ ಬಂದು ಹಲಸಿನ ಮರದ ಹಲಗೆ ತುಂಡಲ್ಲಿ ಒಂದು ಅಳತೆಕೋಲು ಮಾಡಿದೆ, ಮೆಟ್ಟಿಲು ಮೆಟ್ಟಿಲು ಹಾಗೆ, 23, 32, 38, 50 ಮಿಲಿಮೀಟರ್, ರೇಸಿಂಗ್, ಗೇರ್, ಅಟ್ಲಾಸ್, ಎಂಟಿಬಿ (ಮೌಂಟನ್ ಬೈಕ್). ಆದಿತ್ಯವಾರ ಸೈಕಲಲ್ಲಿ ಹೋಗುವ ನಾವು ಆರು ಏಳು ಜನ ಇದ್ದೇವೆ, ಎಲ್ಲ ಸೇರಿ ನಮ್ಮ ದಾರಿಯ ಜಾಲರಿಗಳಿಗೆ ಕೋಲು ಇಳಿಸಿ ಫೋಟೊ ತೆಗೆದೆವು. ಉದ್ದಕ್ಕೆ ಪಟ್ಟಿ ಇದ್ದದ್ದು 11, ಅದರಲ್ಲಿ 8ಕ್ಕೆ ಅಟ್ಲಾಸ್ ಮೆಟ್ಟಿಲು ಇಳಿಯಿತು. ಶಾಲೆ ಮಕ್ಕಳು ಹೋಗುವ ರೋಡಲ್ಲೇ ಮೂರು. ಜಾಲರಿ ಸರಿ ಮಾಡಿ ಅಂತ ಕೊಡುವ ಅರ್ಜಿಯಲ್ಲಿ ಉದ್ದ ಭಾಷಣ ಬೇಡ ಅಂತ ಅಜ್ಜ ಹೇಳಿದ್ದು, ಹಾಗಾಗಿ ಒಂದು ಪುಟ, ಜಾಗದ ಗುರ್ತು, ಫೋಟೊ, ಮತ್ತೆ ಪರಿಹಾರ: ಜಾಲರಿ ಹೊಸತು ಬೇಡ, ಸಮಚೌಕ ಇರುವುದನ್ನ ಎತ್ತಿ ಅಡ್ಡ ತಿರುಗಿಸಿ ಇಟ್ರೆ ಸಾಕು, ತಿರುಗದೇ ಇರುವುದಕ್ಕೆ ಅಡ್ಡ ಮೂರು ಪಟ್ಟಿ ವೆಲ್ಡ್ ಮಾಡಿ. ಅರ್ಜಿ ಕೊಡುವ ಆಫೀಸಲ್ಲಿ ಕೋಲು ಮೇಜಿನ ಮೇಲೆ ಇಟ್ಟೆ. ಅಲ್ಲಿದ್ದವರು ಅರ್ಜಿ ಓದ್ಲಿಲ್ಲ, ಕೋಲನ್ನ ಮಾತ್ರ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದು ಎಂತಕ್ಕೆ?" ಅಂತ ಕೇಳಿದ್ರು. ಅಲ್ಲಿಂದ ಮಾತು ಶುರುವಾಯ್ತು.

ಮಕರ ಸಂಕ್ರಾಂತಿ ಹೊತ್ತಿಗೆ ನಾಲ್ಕಕ್ಕೆ ಕೆಲಸ ಆಗಿದೆ. ಮೂರನ್ನ ತಿರುಗಿಸಿ ಇಟ್ಟಿದ್ದಾರೆ. ನಾನು ಬಿದ್ದದ್ದಕ್ಕೆ ಪಟ್ಟಿ ವೆಲ್ಡ್ ಮಾಡಿದ್ದಾರೆ, ಅಡ್ಡ ಅಲ್ಲ, ಉದ್ದಕ್ಕೇ, ಎರಡೆರಡು ಪಟ್ಟಿಯ ನಡುವೆ ಒಂದೊಂದು. ನೋಡಿ ತಲೆ ಬಿಸಿಯಾಗಿ ಕೋಲು ತೆಗೆದು ಇಳಿಸಿದೆ. ಸಂದು ಈಗ 18 ಮಿಲಿಮೀಟರ್, 23ರ ಮೆಟ್ಟಿಲೂ ಇಳಿಯುದಿಲ್ಲ. ಮಳೆಯಲ್ಲಿ ಜಾರ್ತದಾ ಅಂತ ಮುಂದಿನ ಆಟಿಯಲ್ಲಿ ಗೊತ್ತಾಗ್ಬೇಕು. ಗೇರ್ ಸೈಕಲಿನ ಫೋರ್ಕು ನಿನ್ನೆ ಬಂತು, ಬೇರೆ ಸೈಜಿನದ್ದು.